ಆಸ್ಪತ್ರೆಯಲ್ಲಿ ಕೇಳಲೇಬೇಕಾದ ಪ್ರಶ್ನೆ

ರೋಗ ವಾಸಿಯಾಗಲೆಂದು ಆಸ್ಪತ್ರೆ ಸೇರಿದವರು ಅಲ್ಲಿಯೇ ಹೊಸ ಸೋಂಕಿಗೆ ತುತ್ತಾದಾಗ ನಾವು ಅದನ್ನು ವಿಧಿಯೆಂದು ಭಾವಿಸಿ ಸುಮ್ಮನಾಗುತ್ತೇವೆ. ವಾಸ್ತವದಲ್ಲಿ ಇಂತಹ ಸೋಂಕುಗಳಲ್ಲಿ ಹೆಚ್ಚಿನವನ್ನು ತಡೆಯಬಹುದಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ತುರ್ತು ಹಾಗೂ ಅಲ್ಪಾವಧಿ ಚಿಕಿತ್ಸೆಗೆ ದಾಖಲಾಗುವ 100 ರೋಗಿಗಳಲ್ಲಿ 15 ಮಂದಿ ಆಸ್ಪತ್ರೆಯಲ್ಲಿಯೇ ಸೋಂಕಿಗೆ ಒಳಗಾಗುತ್ತಾರೆ. ಕೈಗಳ ಸ್ವಚ್ಛತೆಯಂತಹ ಕಡಿಮೆ ಖರ್ಚಿನ ಕ್ರಮಗಳಿಂದ ಇವುಗಳಲ್ಲಿ ಶೇ. 70ರಷ್ಟನ್ನು ತಡೆಯಬಹುದೆಂದು ಅದೇ ವರದಿ ಹೇಳುತ್ತದೆ.

"ಕೈ ತೊಳೆದುಕೊಂಡಿದ್ದೀರಾ?" ಎಂದು ವೈದ್ಯರನ್ನೂ ದಾದಿಯರನ್ನೂ ವಿನಯದಿಂದ ಕೇಳುವ ಹಕ್ಕು ರೋಗಿಗೂ ಮನೆಯವರಿಗೂ ಇದೆ. ಮೂತ್ರದ ನಳಿಕೆ, ಡ್ರಿಪ್‌ನ ಸೂಜಿ ಇನ್ನೂ ಅಗತ್ಯವೇ ಎಂದು ಪ್ರತಿದಿನ ವಿಚಾರಿಸಬೇಕು. ಅವು ದೇಹದಲ್ಲಿ ಉಳಿದಷ್ಟೂ ಅಪಾಯ ಹೆಚ್ಚು. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳ ಕೆಲವು ಸೋಂಕುಗಳ ಅಂಕಿಅಂಶಗಳು ಸಾರ್ವಜನಿಕವಾಗಿ ಪ್ರಕಟವಾಗುತ್ತವೆ. ನಮ್ಮ ಜಮಾಅತ್‌ಗಳೂ ಸಂಘಸಂಸ್ಥೆಗಳೂ ನಮ್ಮೂರ ಆಸ್ಪತ್ರೆಗಳಿಂದ ಅದನ್ನೇ ಕೇಳಬೇಕು.

ನಮ್ಮ ಪಾಲಿನ ಹೊಣೆಯೂ ಇದೆ. ರೋಗಿಯ ಸಂದರ್ಶನ ಪುಣ್ಯಕಾರ್ಯ ನಿಜ. ಆದರೆ ಗುಂಪುಗುಂಪಾಗಿ ವಾರ್ಡಿಗೆ ನುಗ್ಗಿ, ಕೈ ತೊಳೆಯದೆ ರೋಗಿಯನ್ನು ಮುಟ್ಟಿದರೆ ಅದರಿಂದ ಹಾನಿಯೇ ಆದೀತು. ವುಝೂವಿನ ಮೂಲಕ ಶುಚಿತ್ವವನ್ನು ಆರಾಧನೆಯ ಭಾಗವಾಗಿಸಿಕೊಂಡ ನಾವು ಅದನ್ನು ವಾರ್ಡಿನ ಬಾಗಿಲಲ್ಲಿ ಮರೆಯದಿರೋಣ.