ಬನ್ನಿಯ ದಾಯಾದಿ

ಕಳೆದ ವರ್ಷ ವಿಜಯದಶಮಿಯಂದು ನಮ್ಮ ಸಂಘದಲ್ಲಿ ಬನ್ನಿ ಹಂಚಿದ್ದು ವಾಚಕರಿಗೆ ನೆನಪಿರಬಹುದು. ತಟ್ಟೆಯ ತುಂಬ ಹಸಿರು ಸೊಪ್ಪು. ಹಿರಿಯರ ಕೈಗಿತ್ತು ಕಾಲಿಗೆರಗಿ, ಬಂಗಾರದಂತಿರೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಕೇಸರಿಭಾತು ತಿಂದು ಮನೆಗೆ ಹೋದೆವು. ಆ ಸೊಪ್ಪು ತಂದವರು ನಾವೇ. ಹಿಂದಿನ ಸಂಜೆ ಕಚೇರಿ ಬಿಟ್ಟ ಮೇಲೆ ರಿಡ್ಜ್ ಕಾಡಿನ ಅಂಚಿಗೆ ಹೋಗಿ, ರಸ್ತೆಗೆ ಚಾಚಿಕೊಂಡಿದ್ದ ಕೊಂಬೆಗಳಿಂದ ಒಂದು ಚೀಲ ಸೊಪ್ಪು ಮುರಿದು ತಂದಿದ್ದೆವು. ಕೈಗೆ ಮುಳ್ಳು ಚುಚ್ಚಿದ್ದನ್ನು ಧರ್ಮಕಾರ್ಯವೆಂದು ಸಹಿಸಿಕೊಂಡೆವು. ಕಾರ್ಯದರ್ಶಿಗಳು ಮೈಕಿನಲ್ಲಿ ನಮಗೆ ವಂದನೆಯನ್ನೂ ಅರ್ಪಿಸಿದರು. ಈಗ ತಪ್ಪೊಪ್ಪಿಕೊಳ್ಳುವ ಕಾಲ ಬಂದಿದೆ. ಅದು ಬನ್ನಿಯಲ್ಲ.

ಈ ಸಂಗತಿ ಹೊರಬಿದ್ದದ್ದು ಈ ಬೇಸಗೆಯಲ್ಲಿ. ನಮ್ಮ ತಂದೆಯವರು ಮೊಮ್ಮಗಳನ್ನು ನೋಡಲು ಚಿತ್ರದುರ್ಗದ ಕಡೆಯ ನಮ್ಮೂರಿನಿಂದ ದೆಹಲಿಗೆ ಬಂದರು. ಬಿಸಿಲೇರುವ ಮೊದಲೇ ಅವರನ್ನು ತಿರುಗಾಡಲು ಕರೆದೊಯ್ಯುವುದು ನಮ್ಮ ಪಾಲಿನ ಕೆಲಸ. ಒಂದು ಬೆಳಿಗ್ಗೆ ಅದೇ ಮರದ ಬಳಿ ನಿಂತು, “ದಸರೆಗೆ ಬನ್ನಿ ಮುರಿದದ್ದು ಇಲ್ಲೇ ನೋಡಿ ಅಪ್ಪ” ಎಂದು ಹೆಮ್ಮೆಯಿಂದಲೇ ತೋರಿಸಿದೆವು. ಅವರು ಕೊಂಬೆಯನ್ನು ಬಗ್ಗಿಸಿ ನೋಡಿದರು. ಆಮೇಲೆ ನಮ್ಮ ಮುಖ ನೋಡಿದರು.

“ನಿನ್ನ ಬಿ.ಎ. ಓದಿಸಿದ್ದು ಇದಕ್ಕೇನೋ? ಇದು ಬಳ್ಳಾರಿ ಜಾಲಿ ಕಣೋ. ಮುಳ್ಳು ನೋಡು, ಗೆಣ್ಣಿಗೆ ಜೋಡಿ ಜೋಡಿ, ಉದ್ದುದ್ದ. ಬನ್ನಿ ಮುಳ್ಳು ಗಿಡ್ಡ, ಗೆಣ್ಣುಗಳ ಮಧ್ಯೆ ಚದುರಿಕೊಂಡಿರ್ತದೆ.”

ಬಳ್ಳಾರಿಯ ಬಂಧುಗಳು ಕೋಪಿಸಿಕೊಳ್ಳಬಾರದು. ಮರ ಅವರ ಊರಿನದಲ್ಲ. ದೂರದ ಅಮೆರಿಕ ಖಂಡದ ಬಿಸಿಲುನಾಡುಗಳ ಈ ಗಿಡ ನಮ್ಮ ದೇಶಕ್ಕೆ ಬಂದದ್ದು 1877ರ ಸುಮಾರಿಗೆ, ಕಡಪ ಸೀಮೆಗೆ. ದೆಹಲಿಯಲ್ಲಿ ಇದಕ್ಕೆ ವಿಲಾಯತಿ ಕೀಕರ್ ಎಂದು ಹೆಸರು. 1911ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತರುವುದೆಂದು ಘೋಷಣೆಯಾಗಿ ಹೊಸ ದೆಹಲಿ ಏಳುತ್ತಿದ್ದ ಕಾಲದಲ್ಲಿ, ಬೋಳು ಗುಡ್ಡಗಳನ್ನು ಬೇಗ ಹಸಿರಾಗಿಸಲು ಆಂಗ್ಲರು ಇದನ್ನು ಹಾಕಿಸಿದರು. ಹಸಿರೇನೋ ಆಯಿತು. ಸಸ್ಯಶಾಸ್ತ್ರಜ್ಞರು ಬನ್ನಿಯನ್ನೂ ಇದನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. ಎಂದ ಮೇಲೆ ಇವು ದಾಯಾದಿಗಳು. ಎಲೆಯ ಹೋಲಿಕೆಯಿಂದ ನಮ್ಮಂಥ ಗುಮಾಸ್ತರು ಮೋಸಹೋದದ್ದು ಕ್ಷಮಾರ್ಹವೆಂದುಕೊಂಡಿದ್ದೇವೆ.

ನಾವು ಹೀಗೆ ಪೆಚ್ಚಾಗಿ ನಿಂತಿದ್ದಾಗ ಒಬ್ಬ ಮುದುಕ ನಾಲ್ಕಾರು ಹಸು, ಹತ್ತಿಪ್ಪತ್ತು ಮೇಕೆ ಹೊಡೆದುಕೊಂಡು ಬಂದ. ಮರದಡಿಯಲ್ಲಿ ಹಳದಿ ಕಾಯಿ ಉದುರಿ ಹಾಸಿಕೊಂಡಿತ್ತು. ಹಸುಗಳು ಮುಗಿಬಿದ್ದು ತಿಂದವು. ಸಿಹಿ ಇರುತ್ತದಂತೆ, ತಂದೆಯವರು ಹುಡುಗರಾಗಿದ್ದಾಗ ತಾವೂ ಜಗಿದದ್ದುಂಟಂತೆ. ಆದರೆ ಕಣ್ಣೆದುರಿಗೇ ಇದ್ದ ಎಲೆಗೆ ಒಂದು ಪ್ರಾಣಿಯೂ ಬಾಯಿ ಹಾಕಲಿಲ್ಲ. ತಂದೆಯವರಿಗೆ ಹಿಂದಿ ಬಾರದು, ಮುದುಕನಿಗೆ ಕನ್ನಡ ಬಾರದು. ಆದರೂ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಒಬ್ಬರು ಕಾಯಿ ತೋರಿಸಿದರು, ಇನ್ನೊಬ್ಬರು ಸಗಣಿ ತೋರಿಸಿದರು, ಇಬ್ಬರೂ ತಲೆಯಾಡಿಸಿದರು. ನಡುವೆ ಭಾಷಾಂತರಕ್ಕೆ ನಿಂತ ನಾವೇ ಅಲ್ಲಿ ಅನಾವಶ್ಯಕ.

ಆ ಸಗಣಿಯಲ್ಲೇ ಕಥೆಯೆಲ್ಲ ಅಡಗಿದೆ. ಬಳ್ಳಾರಿ ಜಾಲಿಯ ಬೀಜಕ್ಕೆ ಕವಚ ಬಲು ಗಟ್ಟಿ. ಸುಮ್ಮನೆ ನೆಲಕ್ಕೆ ಬಿದ್ದರೆ ಬೇಗ ಮೊಳೆಯುವುದಿಲ್ಲ. ದನದ ಹೊಟ್ಟೆಯನ್ನು ಹೊಕ್ಕು ಹೊರಬಿದ್ದರೆ ಆ ಕವಚ ಸವೆದು ನೀರು ಒಳಗಿಳಿಯುತ್ತದೆ. ಜೊತೆಗೆ ಗೊಬ್ಬರ, ತೇವ, ತಾಯಿಮರದ ನೆರಳಿನಿಂದ ದೂರದ ಜಾಗ. ಕುರಿ ಮೇಕೆಗಳು ನುಣ್ಣಗೆ ಅಗಿಯುವುದರಿಂದ ಅವುಗಳ ಹೊಟ್ಟೆಯಿಂದ ಬದುಕಿ ಬರುವ ಬೀಜ ಕಡಿಮೆ. ಕಾಡಿನ ನೀಲಗಾಯಿಯೂ ಈ ಬಿತ್ತನೆಯಲ್ಲಿ ಕೈಜೋಡಿಸುತ್ತದೆ. ಮೊಳೆತ ಸಸಿಯನ್ನಾದರೂ ಯಾರಾದರೂ ತಿನ್ನುತ್ತಾರೆಯೇ ಎಂದರೆ, ಎಲೆ ರುಚಿಯಿಲ್ಲ.

ಬನ್ನಿಯ ಪಾಡು ಇದಕ್ಕೆ ತಿರುವುಮುರುವು. ಅದರ ಸೊಪ್ಪು ಮೇಕೆಗೂ ಒಂಟೆಗೂ ಮೃಷ್ಟಾನ್ನ. ರಾಜಸ್ಥಾನದಲ್ಲಿ ಅದನ್ನು ಖೇಜಡಿ ಎನ್ನುತ್ತಾರೆ. ಅದನ್ನು ಕಡಿಯಗೊಡದೆ 1730ರಲ್ಲಿ ಜೋಧಪುರದ ಬಳಿಯ ಹಳ್ಳಿಯೊಂದರಲ್ಲಿ 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟರೆಂಬುದು ಪ್ರಸಿದ್ಧ. ದೊಡ್ಡ ಮರಕ್ಕೆ ಮೇಕೆಯ ಭಯವಿಲ್ಲ. ಸಸಿಗೆ ಉಂಟು. ದಿನವೂ ಮಂದೆ ನುಗ್ಗುವ ಕಡೆ ಬನ್ನಿಯ ಮಕ್ಕಳು ಮೊಣಕಾಲುದ್ದ ಬೆಳೆಯುವುದೇ ಕಷ್ಟ. ಒಬ್ಬ ದಾಯಾದಿಯ ಮಕ್ಕಳನ್ನು ತಿಂದು ಇನ್ನೊಬ್ಬನ ಮಕ್ಕಳನ್ನು ಊರೂರಿಗೆ ಹಂಚಿದರೆ ಆಸ್ತಿ ಯಾರ ಪಾಲಾಗಬೇಕು?

ಹಾಗಾದರೆ ಕಾಡಿನಿಂದ ದನಗಳನ್ನು ಓಡಿಸಿಬಿಟ್ಟರಾಯಿತು ಎನ್ನುವಿರಾ? ನಾವೂ ಹಾಗೆಯೇ ಅಂದೆವು. ಆದರೆ ದೆಹಲಿಯಿಂದ ನಾಲ್ಕು ಗಂಟೆ ಹಾದಿಯ ಭರತಪುರದಲ್ಲಿ ಅದನ್ನೇ ಮಾಡಿ ಕೈಸುಟ್ಟುಕೊಂಡದ್ದುಂಟು. ಅಲ್ಲಿನ ಪಕ್ಷಿಗಳ ಜವುಗು ನೆಲದಲ್ಲಿ 1982ರಲ್ಲಿ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಗಲಭೆಯಾಯಿತು, ಗೋಲಿಬಾರಾಯಿತು, ಹಳ್ಳಿಯವರು ಕೆಲವರು ಸತ್ತರು. ಎಮ್ಮೆಗಳು ಹೋದವು. ಅವು ಮೇದು ಹದದಲ್ಲಿಟ್ಟಿದ್ದ ನೀರುಹುಲ್ಲು ಅಳತೆ ಮೀರಿ ಬೆಳೆದು ನೀರನ್ನೇ ಮುಚ್ಚಿತು. ತೆರೆದ ನೀರು ಬೇಕಾದ ಹಕ್ಕಿಗಳಿಗೆ ಜಾಗವಿಲ್ಲದಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸುಮಾರು ಹತ್ತು ವರ್ಷ ಅಧ್ಯಯನ ಮಾಡಿ, ಎಮ್ಮೆಗಳಿಂದ ಉಪಕಾರವೇ ಆಗುತ್ತಿತ್ತೆಂದು ಕಂಡುಕೊಂಡರು. ಸತ್ತವರು ಮಾತ್ರ ಎದ್ದುಬರಲಿಲ್ಲ. ಇನ್ನು ಮೈಸೂರಿನಿಂದ ಊಟಿಗೆ ಹೋಗುವವರು ಬಂಡೀಪುರದಲ್ಲಿ ನೋಡಿರುವ ಲಂಟಾನದ ಪೊದೆಯೇ ಬೇರೆ ಬಗೆ: ಎಲೆ ದನಕ್ಕೆ ವಿಷ, ಹಣ್ಣು ಹಕ್ಕಿಗೆ ಪ್ರಿಯ, ಬಿತ್ತನೆ ಆಕಾಶಮಾರ್ಗದಿಂದ. ಯಾವ ಪ್ರಾಣಿ, ಯಾವ ಗಿಡ, ಏನು ತಿನ್ನುತ್ತದೆ, ಏನು ಬಿಡುತ್ತದೆ ಎಂದು ಕೇಳದೆ ದನವನ್ನು ದೂರಿದರೆ ನಮ್ಮ ಕಚೇರಿಯಲ್ಲಿ ಕಡತ ಓದದೆ ಷರಾ ಬರೆಯುವವರಂತೆಯೇ ಆಗುತ್ತದೆ.

ಆ ರಾತ್ರಿ ಊಟವಾದ ಮೇಲೆ ತಂದೆಯವರು ನಿಜವಾದ ಮಾತು ತೆಗೆದರು. ಊರಿನ ನಾಲ್ಕು ಎಕರೆ ಹೊಲ ಈಗ ಜಾಲಿಯ ಕಾಡಾಗಿದೆಯಂತೆ.

ನಮಗೆ ನಂಬಿಕೆಯಾಗಲಿಲ್ಲ. ಅದು ಜೋಳ, ಕಡಲೆ ಬೆಳೆಯುತ್ತಿದ್ದ ಹೊಲ. ಅವರು ಲೆಕ್ಕ ಒಪ್ಪಿಸಿದರು. ಬೇಸಗೆಯಲ್ಲಿ ನಮ್ಮ ಎತ್ತುಗಳು ಕೆರೆಯಂಗಳದಲ್ಲಿ ಜಾಲಿಕಾಯಿ ತಿನ್ನುತ್ತಿದ್ದವು. ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಗಾಡಿಯಲ್ಲಿ ಹೊಲಕ್ಕೆ. ಎಂದರೆ ಮೂವತ್ತು ವರ್ಷ ನಾವೇ ಬೀಜ ಹೊತ್ತು ಸುರಿದಿದ್ದೆವು. ಆದರೆ ವರ್ಷವರ್ಷವೂ ನೇಗಿಲು, ಕುಂಟೆ ಹಾಯುತ್ತಿದ್ದುದರಿಂದ ಒಂದು ಸಸಿಯೂ ತಲೆಯೆತ್ತಲಿಲ್ಲ. ನಾವು ದೆಹಲಿಗೆ ಬಂದೆವು, ಅಣ್ಣ ಪೇಟೆಯಲ್ಲಿ ಅಂಗಡಿ ಇಟ್ಟ, ತಂದೆಯವರಿಗೆ ಮಂಡಿನೋವು ಬಂತು, ಎತ್ತು ಮಾರಿದರು. ಹೊಲ ಬೀಳುಬಿತ್ತು. ನೆಲದಲ್ಲಿ ಕಾದಿದ್ದದ್ದೆಲ್ಲ ಎದ್ದಿತು. ಆಮೇಲೆ ಊರ ದನಗಳೆಲ್ಲ ಅಲ್ಲೇ ಮೇಯತೊಡಗಿ ಮಿಕ್ಕದ್ದನ್ನು ಪೂರೈಸಿದವು. ಇದನ್ನು ಅವರು ಆರೋಪದ ದನಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಣ್ಣನ ಅಭಿಪ್ರಾಯ, ಮಾರಿಬಿಡೋಣ ಎಂದು. ಇದ್ದಿಲು ಸುಡುವವರು ಪುಕ್ಕಟೆಯಾಗಿ ಕಡಿದುಕೊಂಡು ಹೋಗಲು ಸಿದ್ಧರಿದ್ದಾರೆ. ಆದರೆ ಅವರು ಬುಡ ಬಿಟ್ಟು ಹೋಗುತ್ತಾರೆ, ಬುಡದಿಂದ ಒಂದಕ್ಕೆ ಐದು ಚಿಗುರುತ್ತದೆ. ಬೇರುಸಹಿತ ಕೀಳಲು ಜೆಸಿಬಿ ಬೇಕು. ಒಂದು ಎಕರೆಯ ಬಾಡಿಗೆಗೇ ನಮ್ಮ ಎರಡು ತಿಂಗಳ ಸಂಬಳ. ಇತ್ತ ಮಗಳ ಶಾಲೆಯ ಶುಲ್ಕದ ಕಾಲ. ನಮ್ಮ ಮನೆಯವರು ಲೆಕ್ಕ ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಮಾವನವರು ಒಂದು ಎಕರೆಯನ್ನಾದರೂ ನೋಡಲಿ” ಎಂದರು. ಕಚೇರಿಯ ಪತ್ತಿನ ಸಂಘದಲ್ಲಿ ಸಾಲ ತೆಗೆದೆವು.

ಹೊರಡುವ ಮುನ್ನ ತಂದೆಯವರನ್ನು ವಸಂತ ವಿಹಾರದ ಅರಾವಳಿ ಜೀವವೈವಿಧ್ಯ ಉದ್ಯಾನಕ್ಕೆ ಕರೆದೊಯ್ದೆವು. ಹಳೆಯ ಗಣಿಗುಂಡಿಗಳೂ ವಿಲಾಯತಿ ಕೀಕರೂ ತುಂಬಿದ್ದ ಆ ಜಾಗದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವೂ ವಿಶ್ವವಿದ್ಯಾಲಯದ ವಿದ್ವಾಂಸರೂ ಸೇರಿ ಈ ನೆಲದ ಮರಗಳನ್ನೇ ಮತ್ತೆ ಎಬ್ಬಿಸಿದ್ದಾರೆ. ತಂದೆಯವರು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. “ಇವರಿಗೆ ಎಷ್ಟು ಜೆಸಿಬಿ ಬೇಕಾಯ್ತೋ” ಎಂದದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ.

ಮೊನ್ನೆ ಫೋನ್ ಬಂತು. ಒಂದು ಎಕರೆ ಕಿತ್ತಾಗಿದೆ. ಗೊಬ್ಬರದ ಬೀಜಗಳು ಮಳೆಗೆ ಮತ್ತೆ ಮೊಳೆಯುತ್ತಿವೆಯಾದ್ದರಿಂದ ಪಕ್ಕದವರ ಟ್ರ್ಯಾಕ್ಟರಿನಿಂದ ಎರಡು ಸಲ ಕುಂಟೆ ಹೊಡೆಸಿದ್ದಾರೆ. ಬದುವಿನ ಮೇಲೆ ಮೇಕೆ ಮೇದು ಮೇದು ಗೇಣುದ್ದವೇ ಉಳಿದಿದ್ದ ಒಂದು ಬನ್ನಿ ಸಸಿ ಸಿಕ್ಕಿತಂತೆ. ಅದಕ್ಕೆ ಸುತ್ತಲೂ ಬೇಲಿ ಹಾಕಿದ್ದಾರೆ, ಕಡಿದ ಜಾಲಿಯ ಮುಳ್ಳಿನಿಂದಲೇ. ಈ ದಸರೆಗೆ ಸಂಘಕ್ಕೆ ಸೊಪ್ಪು ತರುವ ಕೆಲಸವನ್ನು ಮಾತ್ರ ಬೇರೆ ಯಾರಿಗಾದರೂ ವಹಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದಿದ್ದೇವೆ.