ಸೋರುವ ರೇಡಿಯೇಟರು: ಬೆಸುಗೆಯೋ, ಬದಲಾವಣೆಯೋ?

ಚಾರ್ಮಾಡಿಯಂಥ ಘಟ್ಟದ ದಾರಿಯಲ್ಲಿ ಪ್ರಯಾಣ ಮಾಡಿದವರಿಗೆ ಈ ನೋಟ ಹೊಸದಲ್ಲ. ತಿರುವಿನ ಅಂಚಿನಲ್ಲಿ ಕಾರೊಂದು ಬಾನೆಟ್ಟನ್ನು ಎತ್ತಿಕೊಂಡು ನಿಂತಿದೆ. ಒಳಗಿನಿಂದ ಹಬೆ ಏಳುತ್ತಿದೆ. ಸುತ್ತ ನೆರೆದವರಲ್ಲಿ ಸಲಹೆಗಳಿಗೆ ಬರವಿಲ್ಲ. ಒಬ್ಬರು, “ಒಂದು ಹಿಡಿ ಅರಿಶಿನದ ಪುಡಿ ಹಾಕಿ, ಸೋರುವುದು ನಿಲ್ಲುತ್ತದೆ” ಎನ್ನುವರು. ಇನ್ನೊಬ್ಬರು, “ರೇಡಿಯೇಟರನ್ನೇ ಬದಲಾಯಿಸಿಬಿಡಿ, ತಲೆನೋವು ತಪ್ಪುತ್ತದೆ” ಎನ್ನುವರು. ಈ ಎರಡು ಸಲಹೆಗಳಲ್ಲಿಯೂ ಒಂದೇ ದೋಷವಿದೆಯೆಂಬುದು ನಮ್ಮ ಅಭಿಪ್ರಾಯ. ಎಲ್ಲಿ ಸೋರುತ್ತಿದೆ, ಏಕೆ ಸೋರುತ್ತಿದೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ.

ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಚಕ್ರಗಳನ್ನು ಮುಟ್ಟದೆ, ಎಂಜಿನ್ನನ್ನು ತಂಪುಮಾಡುವ ದ್ರವಕ್ಕೆ ಶಾಖವಾಗಿ ಸೇರಿಹೋಗುತ್ತದೆ. ಆ ಶಾಖವನ್ನು ಗಾಳಿಗೆ ಒಪ್ಪಿಸುವುದೇ ರೇಡಿಯೇಟರಿನ ಕೆಲಸ. ತೆಳುವಾದ ಕೊಳವೆಗಳಲ್ಲಿ ದ್ರವ ಹರಿಯುವುದು. ಅವುಗಳ ನಡುವಣ ತಗಡಿನ ಮಡಿಕೆಗಳ ಮೂಲಕ ಗಾಳಿ ಹಾಯುವುದು. ಈ ವ್ಯವಸ್ಥೆಯ ಮುಚ್ಚಳ ಕೇವಲ ಬಿರಡೆಯಲ್ಲ. ಅಡಿಗೆಮನೆಯ ಪ್ರೆಷರ್ ಕುಕ್ಕರಿನಂತೆ ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ತೆರೆದ ಪಾತ್ರೆಯಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು, ವಾಯುಮಂಡಲದ ಇಮ್ಮಡಿ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು.

ಆದುದರಿಂದ ಸೂಜಿಮೊನೆಯಷ್ಟು ರಂಧ್ರವನ್ನೂ ಅಲ್ಪವೆಂದು ತಿಳಿಯಬಾರದು. ಅಲ್ಲಿಂದ ಹೊರಹೋಗುವುದು ನಾಲ್ಕು ಹನಿ ದ್ರವವಷ್ಟೇ ಅಲ್ಲ, ಒತ್ತಡವೂ ಹೌದು. ಒತ್ತಡ ಕುಸಿದರೆ ಕುದಿಬಿಂದು ಇಳಿಯುತ್ತದೆ. ದ್ರವವಿರಬೇಕಾದ ಎಡೆಯಲ್ಲಿ ಹಬೆ ತುಂಬುತ್ತದೆ. ಹಬೆಯು ದ್ರವದಷ್ಟು ಚೆನ್ನಾಗಿ ಶಾಖವನ್ನು ಸಾಗಿಸಲಾರದು. ಕೊನೆಗೆ ಸಿಲಿಂಡರಿನ ಮೇಲ್ಭಾಗದ ಲೋಹ ಸೊಟ್ಟಗಾಗಿ ಎಂಜಿನ್ನೇ ಕೆಡಬಹುದು. ಕಾದ ಎಂಜಿನ್ನಿನ ಈ ಮುಚ್ಚಳವನ್ನು ತೆರೆಯಬಾರದೆಂಬ ಎಚ್ಚರಿಕೆಗೂ ಇದೇ ಕಾರಣ. ತೆರೆದ ಕ್ಷಣದಲ್ಲಿ ಒತ್ತಡ ಬಿದ್ದು, ಕುದಿಯದೆ ಇದ್ದ ದ್ರವ ಒಮ್ಮೆಲೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಇನ್ನು ದುರಸ್ತಿಯ ವಿಚಾರ. 1900ರ ಕೊನೆಯಲ್ಲಿ ಸಿದ್ಧವಾದ ಮೊದಲ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೈಬಾಖ್ ರೂಪಿಸಿದ ಜೇನುಗೂಡಿನಂಥ ರೇಡಿಯೇಟರಿನಲ್ಲಿ 8,070 ಪುಟ್ಟ ಕೊಳವೆಗಳನ್ನು ಬೆಸೆಯಲಾಗಿತ್ತು. ಬೆಸುಗೆಯಿಂದ ಹುಟ್ಟಿದ ವಸ್ತುವನ್ನು ಬೆಸುಗೆಯಿಂದಲೇ ಸರಿಪಡಿಸುವುದು ಸಹಜವಾಗಿತ್ತು. ತಾಮ್ರ ಹಿತ್ತಾಳೆಗಳ ರೇಡಿಯೇಟರು ಬಹುಕಾಲ ಹೀಗೆಯೇ ಬಾಳಿತು. ತವರ ಸೀಸಗಳ ಬೆಸುಗೆ 183 ಡಿಗ್ರಿಯಲ್ಲಿ ಕರಗಲಾರಂಭಿಸುತ್ತದೆ. ತಾಮ್ರ ಕರಗಲು 1,085 ಡಿಗ್ರಿ ಬೇಕು. ಈ ಅಂತರವೇ ಕಸುಬುದಾರನ ಬಂಡವಾಳ.

ಇಂದಿನ ಬಹುತೇಕ ಕಾರುಗಳಲ್ಲಿ ಅಲ್ಯೂಮಿನಿಯಮ್ಮಿನ ಕೊಳವೆಗಳೂ ಎರಡು ಕೊನೆಗಳಲ್ಲಿ ಪ್ಲಾಸ್ಟಿಕ್ಕಿನ ತೊಟ್ಟಿಗಳೂ ಇರುತ್ತವೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿಯೇ ಕರಗುತ್ತದೆ. ಅದರ ಮೈಮೇಲಿನ ಆಕ್ಸೈಡಿನ ಪೊರೆಯಾದರೋ 2,000 ಡಿಗ್ರಿಗೂ ಕರಗದು. ಈ ಪೊರೆಯನ್ನು ನಿವಾರಿಸದೆ ಬೆಸುಗೆ ಹಿಡಿಯದು. ಹಾಗೆಂದು ನಾವು ಹೊಸದನ್ನು ಹಳಿಯುವುದಿಲ್ಲ. ತಾಮ್ರದ ಮೂರನೆಯ ಒಂದಂಶಕ್ಕಿಂತಲೂ ಕಡಿಮೆ ಸಾಂದ್ರತೆಯುಳ್ಳ ಈ ಲೋಹದಿಂದ ಕಾರು ಹಗುರವಾಗಿದೆ. ಆದರೆ ದುರಸ್ತಿ ಕಠಿಣವಾದುದರಿಂದ ಪರೀಕ್ಷೆಯೇ ಅನಾವಶ್ಯಕವೆಂಬ ಭಾವನೆ ಬೆಳೆದಿರುವುದನ್ನು ನಾವು ಒಪ್ಪಲಾರೆವು.

ಪರೀಕ್ಷೆ ಕಷ್ಟದ್ದೇನಲ್ಲ. ತಣಿದ ಎಂಜಿನ್ನಿಗೆ ಕೈಪಂಪು ಜೋಡಿಸಿ, ಮುಚ್ಚಳದ ಮೇಲೆ ಗುರುತಿಸಿದಷ್ಟು ಒತ್ತಡವನ್ನು ಕೊಟ್ಟು ಮುಳ್ಳನ್ನು ನೋಡುತ್ತಿದ್ದರೆ ಸಾಕು. ಅನೇಕ ವೇಳೆ ತಪ್ಪು ರೇಡಿಯೇಟರಿನದೇ ಆಗಿರುವುದಿಲ್ಲ. ಸಡಿಲಗೊಂಡ ಪಟ್ಟಿ, ಬಿರುಕುಬಿಟ್ಟ ರಬ್ಬರ್ ಕೊಳವೆ, ಸವೆದ ನೀರಿನ ಪಂಪು ಇಲ್ಲವೆ ಮುಚ್ಚಳವೇ ಅಪರಾಧಿಯಾಗಿರುತ್ತದೆ. ಹೊರಗೆಲ್ಲಿಯೂ ಹನಿಯಿಲ್ಲದೆ ಮುಳ್ಳು ಇಳಿದರೆ, ದ್ರವ ಸಿಲಿಂಡರಿನೊಳಕ್ಕೇ ಸೋರುತ್ತಿರಬಹುದು.

ಅರಿಶಿನದ ಪುಡಿಯ ಉಪಾಯ ಊರು ಸೇರುವವರೆಗೆ ನೆರವಾದೀತು. ಆದರೆ ರಂಧ್ರವನ್ನು ಮುಚ್ಚುವ ಪುಡಿ ಕಿರಿದಾದ ಕೊಳವೆಗಳನ್ನೂ ಮುಚ್ಚಬಲ್ಲದೆಂಬುದನ್ನು ಮರೆಯಬಾರದು. ಬದಲಾಯಿಸಿದವರೂ ನಿಶ್ಚಿಂತರಲ್ಲ. ಸ್ನಾನದ ಹಂಡೆಯ ಒಳಮೈಯಲ್ಲಿ ಬಿಳಿಯ ಪದರ ಕಟ್ಟುವ ಕೊಳವೆಬಾವಿಯ ಗಡಸುನೀರನ್ನೇ ಹೊಸ ರೇಡಿಯೇಟರಿಗೂ ತುಂಬಿದರೆ, ಹಳೆಯದರ ಗತಿಯೇ ಹೊಸದಕ್ಕೂ ಬರುವುದು. ಶುದ್ಧೀಕರಿಸಿದ ನೀರಿಗೆ ತಯಾರಕರು ಸೂಚಿಸಿದ ಕೂಲಂಟನ್ನು ಬೆರೆಸಬೇಕು. ಅದರಲ್ಲಿರುವ, ಲೋಹದ ಸವೆತವನ್ನು ತಡೆಯುವ ದ್ರವ್ಯಗಳು ಕಾಲಕ್ರಮದಲ್ಲಿ ಕ್ಷಯಿಸುವುದರಿಂದ ಅವಧಿಗೆ ಸರಿಯಾಗಿ ಬದಲಾಯಿಸಲೂಬೇಕು. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಮಕ್ಕಳಿಗೂ ಪ್ರಾಣಿಗಳಿಗೂ ಎಟುಕುವಂತೆ ಅದನ್ನು ಚೆಲ್ಲಬಾರದು.

ನಮ್ಮ ನಿಲುವು ಇಷ್ಟು. ತಾಮ್ರ ಹಿತ್ತಾಳೆಯ ರೇಡಿಯೇಟರಿನಲ್ಲಿ ಒಂದೆರಡು ಎಡೆ ಸೋರಿದರೆ ಬೆಸುಗೆ ಹಾಕಿಸುವುದೇ ವಿವೇಕ. ಅಲ್ಯೂಮಿನಿಯಂ ಕೊಳವೆಗಳು ಸವೆದು ಅಲ್ಲಲ್ಲಿ ತೂತಾಗಿದ್ದರೆ ಬದಲಾಯಿಸಲು ಹಿಂಜರಿಯಬೇಕಾಗಿಲ್ಲ. ಪ್ಲಾಸ್ಟಿಕ್ ತೊಟ್ಟಿಯೊಂದೇ ಬಿರಿದಿದ್ದರೆ ಆ ತೊಟ್ಟಿಯಷ್ಟೇ ಬಿಡಿಯಾಗಿ ದೊರೆಯುವಂತೆ ತಯಾರಕರು ಮಾಡಬೇಕು. ತೆಗೆದ ಲೋಹ ಕಸದ ಗುಂಡಿಗೆ ಹೋಗದೆ ಗುಜರಿಗೆ ಹೋಗಲಿ. ಹಳೆಯ ಅಲ್ಯೂಮಿನಿಯಮ್ಮನ್ನು ಕರಗಿಸಿ ಬಳಸಲು, ಹೊಸದಾಗಿ ತಯಾರಿಸಲು ಬೇಕಾಗುವ ಶಕ್ತಿಯ ಸುಮಾರು ಇಪ್ಪತ್ತನೆಯ ಒಂದು ಪಾಲು ಸಾಕು.

ವಿದ್ಯಾರ್ಥಿಗಳು ಕುದಿಬಿಂದುವನ್ನೂ ಒತ್ತಡವನ್ನೂ ಪರೀಕ್ಷೆಗಾಗಿ ಓದಿರುತ್ತಾರೆ. ಮನೆಯ ಕಾರಿನ ಕೆಳಗೆ ನೆಲ ಒದ್ದೆಯಾದ ದಿನ ಆ ಪಾಠ ನೆನಪಿಗೆ ಬರಲಿ. ‘ಹೊಸದಕ್ಕೆ ಎಷ್ಟು ಬೆಲೆ?’ ಎಂದು ಹಿರಿಯರು ವಿಚಾರಿಸುವ ಮೊದಲೇ, ‘ಇದು ಏಕೆ ಸೋರಿತು?’ ಎಂದು ಕೇಳುವ ಧೈರ್ಯವನ್ನು ಅವರು ತೋರಲಿ.