ಕಸದ ಡಬ್ಬಿ ಯಾರಿಗಾಗಿ?

ಬೆಂಗಳೂರಿನಲ್ಲಿ ರಸ್ತೆಬದಿಗೆ ಒಂದು ಕಸದ ಡಬ್ಬಿ ಇಡಿಸಿ ಎಂದು ಪಾಲಿಕೆಯವರನ್ನು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಡಬ್ಬಿ ಇಟ್ಟರೆ ಅದೇ ಬ್ಲಾಕ್ ಸ್ಪಾಟ್, ಅಂದರೆ ಕಸ ಗುಡ್ಡೆಬೀಳುವ ಜಾಗ, ಆಗುತ್ತದೆ.’ ಇದನ್ನು ನೆಪವೆಂದು ತಳ್ಳಿಹಾಕಲಾಗದು. ಮೂಲೆಮೂಲೆಗೆ ಸಿಮೆಂಟಿನ ತೊಟ್ಟಿಗಳಿದ್ದ ಕಾಲವನ್ನು ಐವತ್ತು ದಾಟಿದವರೆಲ್ಲ ಕಂಡಿದ್ದಾರೆ. ತೊಟ್ಟಿಯ ಒಳಗಿಗಿಂತ ಹೊರಗೇ ಕಸ ಹೆಚ್ಚು. ದನ, ನಾಯಿ, ಹಂದಿ ಎಲ್ಲವೂ ಅಲ್ಲೇ. ಮನೆಮನೆಯಿಂದ ಕಸ ಸಂಗ್ರಹಿಸಬೇಕೆಂದು 2000ದ ನಗರ ಘನತ್ಯಾಜ್ಯ ನಿಯಮಗಳು ಹೇಳಿದ ಮೇಲೆ ಆ ತೊಟ್ಟಿಗಳು ಒಂದೊಂದಾಗಿ ಹೋದವು. ಮುಂದೆ ಸ್ವಚ್ಛ ಭಾರತದ ದಿನಗಳಲ್ಲಿ ಸ್ಟೀಲಿನ ಜೋಡಿ ಡಬ್ಬಿಗಳು ಬಂದವು. ಕೆಲವು ಗುಜರಿ ಸೇರಿದವು, ಕೆಲವುಗಳ ತಳ ಕಿತ್ತುಹೋಯಿತು, ಉಳಿದವುಗಳ ಬುಡದಲ್ಲಿ ಮನೆಕಸದ ಚೀಲಗಳು ಬಂದು ಕೂತವು. ಇಷ್ಟೆಲ್ಲ ಕಂಡ ಅಧಿಕಾರಿಗೆ ಡಬ್ಬಿಯ ಸಹವಾಸವೇ ಬೇಡ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೂ ಆ ತೀರ್ಮಾನ ತಪ್ಪು ಎಂದೇ ನನ್ನ ವಾದ. ಮನೆಯ ಕಸವೇ ಬೇರೆ, ದಾರಿಯ ಕಸವೇ ಬೇರೆ. ಅಡುಗೆಮನೆಯಲ್ಲಿ ಹುಟ್ಟುವ ಸಿಪ್ಪೆ, ಸೊಪ್ಪಿನ ಕಡ್ಡಿ, ಅನ್ನದ ಮುಸುರೆಗೆ ಒಂದು ವಿಳಾಸವಿದೆ. ಗಾಡಿ ಆ ಬಾಗಿಲಿಗೇ ಹೋಗಬಹುದು. ಬಸ್ಸಿಗೆ ಕಾಯುತ್ತ ಕುಡಿದ ಟೀಯ ಪೇಪರ್ ಕಪ್ಪು, ಮಗುವಿಗೆ ಕೊಡಿಸಿದ ಬಿಸ್ಕತ್ತಿನ ಪೊಟ್ಟಣ, ಬಾಳೆಹಣ್ಣಿನ ಸಿಪ್ಪೆ ಇವಕ್ಕೆ ವಿಳಾಸವಿಲ್ಲ. ಮನೆಯ ಕಸಕ್ಕೆ ಬೀದಿ ತೊಟ್ಟಿ ಇಡಬಾರದು ಎಂಬುದು ಸರಿಯಾದ ಪಾಠ. ಆ ಪಾಠದಿಂದ ದಾರಿಹೋಕನಿಗೂ ಡಬ್ಬಿ ಇಡಬಾರದು ಎಂಬ ತೀರ್ಮಾನ ಹೇಗೆ ಹೊರಟಿತೋ ತಿಳಿಯದು. 2017ರಿಂದ ವರ್ಷಗಟ್ಟಲೆ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಹಿಡಿದ ಇಂದೋರ್ ತನ್ನ ದೊಡ್ಡ ಕಂಟೇನರುಗಳನ್ನು ಎತ್ತಿಸಿದ್ದು ನಿಜ. ಆದರೆ ಪೇಟೆ ಬೀದಿಗಳಲ್ಲಿ ಅದು ಸಣ್ಣ ಡಬ್ಬಿಗಳನ್ನು ಇಟ್ಟೇ ಇದೆ.

ಡಬ್ಬಿ ಬೇಡವೆನ್ನುವವರು ಜಪಾನನ್ನು ತೋರಿಸುತ್ತಾರೆ. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲದ ದಾಳಿ ನಡೆದ ಮೇಲೆ ಭದ್ರತೆಯ ಕಾರಣಕ್ಕೆ ಅಲ್ಲಿನ ಸಾರ್ವಜನಿಕ ಜಾಗಗಳಿಂದ ಡಬ್ಬಿಗಳು ಮಾಯವಾದವು. ಜನ ಕಸವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ, ಬೀದಿ ಚೊಕ್ಕಟವಾಗಿಯೇ ಇದೆ. ಆದರೆ ಆ ಜನ ಶಾಲೆಯಲ್ಲಿ ತಮ್ಮ ತರಗತಿಯ ನೆಲವನ್ನು ತಾವೇ ಒರೆಸಿ ಬೆಳೆದವರು. ಪಾನೀಯದ ಯಂತ್ರಗಳ ಪಕ್ಕದಲ್ಲಿ, ಸಣ್ಣ ಅಂಗಡಿಗಳಲ್ಲಿ ಅವರಿಗೆ ಬಾಟಲಿ ಹಾಕುವ ಡಬ್ಬಿಗಳು ಸಿಗುತ್ತವೆ. ನಮ್ಮಲ್ಲಿ ದಿನವಿಡೀ ಬೀದಿಯಲ್ಲೇ ಇರುವವರು ಯಾರು? ಆಟೋ ಓಡಿಸುವವರು, ಊಟ ತಲುಪಿಸುವ ಹುಡುಗರು, ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು, ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹುಡುಕುವ ಹಳ್ಳಿಯವರು. ಮನೆಗೆ ಒಯ್ಯಿರಿ ಎಂಬ ಉಪದೇಶ ಇವರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಇನ್ನು ಸಿಂಗಪುರದ ದಂಡವನ್ನು ಹೊಗಳುವವರು ಅಲ್ಲಿ ಹೆಜ್ಜೆಹೆಜ್ಜೆಗೆ ಡಬ್ಬಿಗಳಿವೆ ಎಂಬುದನ್ನು ಹೇಳುವುದೇ ಇಲ್ಲ. ಹಾಕಲು ಜಾಗ ಕೊಟ್ಟ ಸರ್ಕಾರಕ್ಕೆ ಎಸೆದವನನ್ನು ದಂಡಿಸುವ ಹಕ್ಕಿದೆ. ಜಾಗ ಕೊಡದೆ ದಂಡ ವಸೂಲಿ ಮಾಡುವುದು ನ್ಯಾಯವಲ್ಲ.

ಜನರ ಸ್ವಭಾವವೇ ಹಾಗೆ, ಡಬ್ಬಿ ಇದ್ದರೂ ಎಸೆಯುತ್ತಾರೆ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ವೆಸ್ಲಿ ಷುಲ್ಟ್ಸ್ ಮತ್ತು ಸಂಗಡಿಗರು 130 ಜಾಗಗಳಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಕೈಯಲ್ಲಿದ್ದುದನ್ನು ಬಿಸಾಡಿದ ಪ್ರಸಂಗಗಳಲ್ಲಿ ನೆಲಕ್ಕೆ ಬಿದ್ದದ್ದು ನೂರಕ್ಕೆ 17. ಡಬ್ಬಿ ದೂರವಾದಷ್ಟೂ ನೆಲಕ್ಕೆ ಬೀಳುವುದು ಹೆಚ್ಚಿತು. ಮೊದಲೇ ಕಸ ಬಿದ್ದಿದ್ದ ಜಾಗದಲ್ಲಿ ಇನ್ನೂ ಹೆಚ್ಚಿತು. ಅಮೆರಿಕದ ಅಂಕಿಯನ್ನು ಚಿಕ್ಕಪೇಟೆಗೆ ಹಾಗೆಯೇ ತಂದು ಅಂಟಿಸಲಾಗದು. ಆದರೆ ಅದರ ಸೂಚನೆ ನಮಗೂ ಸಲ್ಲುತ್ತದೆ: ಒಬ್ಬನೇ ಮನುಷ್ಯ ಒಂದು ಕಡೆ ಶಿಸ್ತಿನವನು, ಇನ್ನೊಂದು ಕಡೆ ಒರಟ. ಮೆಟ್ರೊ ನಿಲ್ದಾಣದೊಳಗೆ ಕೈಕಟ್ಟಿ ನಡೆಯುವವನೇ ಮೆಟ್ಟಿಲಿಳಿದು ಹೊರಬಂದ ಕೂಡಲೇ ಕೈಯಲ್ಲಿದ್ದ ಚೀಟಿ ಎಸೆಯುತ್ತಾನೆ. ಆ ಕೆಲವು ಮೆಟ್ಟಿಲುಗಳಲ್ಲಿ ಅವನ ಗುಣ ಬದಲಾಗಿರುವುದಿಲ್ಲ, ಸುತ್ತಲಿನ ಜಾಗ ಬದಲಾಗಿರುತ್ತದೆ.

ಹಾಗಾದರೆ ಡಬ್ಬಿ ಹೇಗಿರಬೇಕು? ಮೊದಲ ಮಾತು ಬಾಯಿಯದು. ಪೇಪರ್ ಕಪ್ಪು, ನೀರಿನ ಬಾಟಲಿ, ಭೇಲ್‌ಪುರಿಯ ಪೊಟ್ಟಣ ಹಿಡಿಸುವಷ್ಟು, ಅಂದರೆ ಒಂದು ಗೇಣಿಗಿಂತ ತುಸು ಕಡಿಮೆ ಅಗಲದ ಬಾಯಿ ಸಾಕು. ಗಂಟು ಕಟ್ಟಿದ ಮನೆಕಸದ ಚೀಲ ಅದರೊಳಗೆ ಹೋಗುವುದಿಲ್ಲ, ಹೋಗಲೂ ಬಾರದು. ಆಗ ಚೀಲವನ್ನು ಕೆಳಗೇ ಇಟ್ಟು ಹೋಗುತ್ತಾರೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಹಾಗೆ ಇಟ್ಟು ಹೋಗುವವರು ಯಾರೆಂದು ನೋಡಬೇಕು. ಬೆಳಗ್ಗೆ ಆಟೋ ಟಿಪ್ಪರ್ ಬರುವ ಹೊತ್ತಿಗೆ ಕೆಲಸಕ್ಕೆ ಹೋಗಿರುವವರು, ರಾತ್ರಿಪಾಳಿ ಮುಗಿಸಿ ಮಲಗಿರುವವರು, ಪಿಜಿಗಳಲ್ಲಿ ಇರುವವರು. ಅವರ ಕಸಕ್ಕೆ ಸಂಜೆಯ ಗಾಡಿಯೋ, ವಾರ್ಡಿಗೊಂದು ಕಾವಲಿರುವ ಕೇಂದ್ರವೋ ಬೇಕು. ಅದನ್ನು ಮಾಡದೆ ಡಬ್ಬಿಯನ್ನು ದೂರಿದರೆ ಏನೂ ಬದಲಾಗುವುದಿಲ್ಲ; ಡಬ್ಬಿಯೇ ಇಲ್ಲದ ನೂರಾರು ಮೂಲೆಗಳಲ್ಲೂ ಬ್ಲಾಕ್ ಸ್ಪಾಟುಗಳಿವೆಯಲ್ಲ.

ಎಳನೀರಿನ ಬುರುಡೆಯದು ಬೇರೆಯೇ ಸಮಸ್ಯೆ. ಅದು ಸಣ್ಣ ಬಾಯಿಗೆ ಹಿಡಿಸದು, ದೊಡ್ಡ ಡಬ್ಬಿಯನ್ನೂ ಹತ್ತಿಪ್ಪತ್ತು ಬುರುಡೆ ತುಂಬಿಬಿಡುತ್ತವೆ. ಇದಕ್ಕೆ ದಾರಿಯನ್ನು ಕಾನೂನೇ ತೋರಿಸಿದೆ. ಬೀದಿ ವ್ಯಾಪಾರಿ ತನ್ನ ವ್ಯಾಪಾರದಲ್ಲಿ ಹುಟ್ಟುವ ಕಸಕ್ಕೆ ತಾನೇ ಪಾತ್ರೆ ಇಟ್ಟುಕೊಳ್ಳಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. ಅಂಥ ಕಸದ ಪಟ್ಟಿಯಲ್ಲಿ ತೆಂಗಿನ ಚಿಪ್ಪಿನ ಹೆಸರೂ ಇತ್ತು. ಎಳನೀರು ಮಾರುವವರು ಬುರುಡೆಗಳನ್ನು ಗೋಣಿಚೀಲಕ್ಕೆ ತುಂಬಿಯೇ ಇಡುತ್ತಾರೆ. ಅದನ್ನು ಹೊತ್ತಿಗೆ ಸರಿಯಾಗಿ ಎತ್ತುವ ಗಾಡಿ ಬಂದರಾಯಿತು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಡಬ್ಬಿಯ ನಕ್ಷೆ ಬರೆಯುವವರೆಲ್ಲ ಕಸ ಹಾಕುವವನನ್ನೇ ಕಣ್ಮುಂದೆ ಇಟ್ಟುಕೊಳ್ಳುತ್ತಾರೆ. ಅವನಿಗೂ ಡಬ್ಬಿಗೂ ಇರುವ ಸಂಬಂಧ ಎರಡು ಕ್ಷಣದ್ದು. ಅದನ್ನು ದಿನವೂ ಮುಟ್ಟಿ, ಬಾಗಿಸಿ, ಕೈಹಾಕಿ ಖಾಲಿ ಮಾಡುವವರು ಪೌರಕಾರ್ಮಿಕರು. ಬೆಂಗಳೂರಿನಲ್ಲಿ ಅವರಲ್ಲಿ ಹೆಚ್ಚಿನವರು ಹೆಂಗಸರು. ಪಾರ್ಕುಗಳಲ್ಲಿ ಪೆಂಗ್ವಿನ್, ಕಾಂಗರೂ, ಮೊಲದ ಆಕಾರದ ಫೈಬರ್ ಡಬ್ಬಿಗಳನ್ನು ನೋಡಿರುತ್ತೀರಿ. ಮಕ್ಕಳಿಗೆ ಖುಷಿ, ಹಾಕಲು ಸುಲಭ. ಆದರೆ ಅದರ ಹೊಟ್ಟೆಯಿಂದ ಕಸ ತೆಗೆಯುವ ಬಗೆ ಎಂತಹುದು? ಒಳಗೆ ಬುಟ್ಟಿ ಇಲ್ಲದಿದ್ದರೆ ಆಕೆ ಪೆಂಗ್ವಿನ್ನಿನ ಬಾಯಿಗೆ ತೋಳಿನವರೆಗೆ ಕೈಹಾಕಬೇಕು. ಕೊಳೆತ ಅನ್ನದ ನಡುವೆ ಒಡೆದ ಬಾಟಲಿ ಇರುತ್ತದೆ, ಯಾರೋ ಎಸೆದ ಸೂಜಿ ಇರುತ್ತದೆ, ಬಳಸಿದ ಪ್ಯಾಡು ಇರುತ್ತದೆ. ಇಂಥ ಡಬ್ಬಿಯನ್ನು ದಿನ ಬಿಟ್ಟು ದಿನ ಖಾಲಿ ಮಾಡಿದರೆ ಅದನ್ನು ಸೋಮಾರಿತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನೂರು ಲೀಟರಿನ ದೊಡ್ಡ ಡಬ್ಬಿ ಇಟ್ಟರೆ ದಿನಕ್ಕೊಂದೇ ಸಲ ಎತ್ತಿದರೆ ಸಾಕು ಎಂದು ಲೆಕ್ಕ ಹಾಕುವವರಿದ್ದಾರೆ. ಹಸಿ ಕಸ ತುಂಬಿದ ನೂರು ಲೀಟರ್ ಸುಲಭವಾಗಿ 40 ಕಿಲೋ ಮುಟ್ಟುತ್ತದೆ. ಅದನ್ನು ತಳ್ಳುಗಾಡಿಯ ಅಂಚಿನವರೆಗೆ ಎತ್ತಬೇಕಾದ ಬೆನ್ನು ಅವರ ಲೆಕ್ಕದಲ್ಲಿ ಇರುವುದಿಲ್ಲ. ಎರಡು ಕಂಬದ ನಡುವೆ ತೂಗುಹಾಕಿ ಬಾಗಿಸುವ ಡಬ್ಬಿಯೂ ಚಿತ್ರದಲ್ಲಿ ಮಾತ್ರ ಸಲೀಸು. ಕೆಳಗೆ ಗಾಡಿ ತೂರುವಷ್ಟು ಎತ್ತರ ಇರದಿದ್ದರೆ ಕಸವನ್ನು ನೆಲಕ್ಕೆ ಸುರಿದು, ಮತ್ತೆ ಗುಡಿಸಿ, ಮೊರದಲ್ಲಿ ತುಂಬಿ ಗಾಡಿಗೆ ಹಾಕಬೇಕು. ಒಂದು ಕೆಲಸ ಮೂರಾಯಿತು. ಬೇಕಾದದ್ದು ಇಷ್ಟೇ: ಹೊರಗೆ ಗಟ್ಟಿಯಾದ ಕವಚ, ಮುಂದೆ ಬಾಗಿಲು, ಒಳಗೆ ಹಿಡಿಕೆಯಿರುವ ಹಗುರ ಬುಟ್ಟಿ. ಬುಟ್ಟಿ ತುಂಬಿದರೂ ಒಬ್ಬರೇ ಸೊಂಟ ಬಗ್ಗಿಸದೆ ಎಳೆದುಕೊಳ್ಳುವಂತಿರಬೇಕು. ಚಿಲಕ ಎಲ್ಲ ಡಬ್ಬಿಗಳಿಗೂ ಒಂದೇ ಬಗೆಯದಾಗಿರಬೇಕು, ಅಂಚು ಕೈ ಕುಯ್ಯಬಾರದು. ಇಷ್ಟು ಮಾಡಿದ ಮೇಲೆ ಬಣ್ಣ, ಅಂದಚಂದ ಏನು ಬೇಕಾದರೂ ಇರಲಿ.

ಇನ್ನೊಂದು ಕೈಯಿದೆ, ಚಿಂದಿ ಆಯುವವರದು. ಪ್ಯಾರಿಸ್ಸಿನ ಆಡಳಿತಾಧಿಕಾರಿ ಯೂಜೀನ್ ಪುಬೆಲ್ 1883ರಲ್ಲಿ ಮನೆಮಾಲೀಕರೆಲ್ಲ ಮುಚ್ಚಳವಿರುವ ಕಸದ ಡಬ್ಬಿ ಇಡಬೇಕೆಂದು ಆಜ್ಞೆ ಹೊರಡಿಸಿದಾಗ ಜೋರಾಗಿ ಪ್ರತಿಭಟಿಸಿದವರು ಅಲ್ಲಿನ ಚಿಂದಿ ಆಯುವವರು. ಬೀದಿಯ ರಾಶಿಯಲ್ಲಿ ಸಿಗುತ್ತಿದ್ದ ಅವರ ಅನ್ನ ಡಬ್ಬಿಯೊಳಗೆ ಹೋಗಿತ್ತು. ನಮ್ಮಲ್ಲಿಯೂ ಬಾಟಲಿಗಾಗಿ ಡಬ್ಬಿಯನ್ನೇ ಬುಡಮೇಲು ಮಾಡುವುದನ್ನು ನೋಡಿ ಬೈಯುವವರಿದ್ದಾರೆ. ಜರ್ಮನಿಯ ಕಲೋನ್ ನಗರದ ವಿನ್ಯಾಸಕ ಪಾಲ್ ಕೆಟ್ಸ್ ಇದಕ್ಕೊಂದು ಸರಳ ಉಪಾಯ ಹುಡುಕಿದರು: ಡಬ್ಬಿಯ ಹೊರಗೆ ಒಂದು ಬಳೆ, ಅದರಲ್ಲಿ ಬಾಟಲಿ ನಿಲ್ಲಿಸುವ ಗೂಡುಗಳು. ಬೇಕಾದವರು ಬಂದು ಗೌರವದಿಂದ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಬಾಟಲಿ ಮರಳಿಸಿದರೆ ಠೇವಣಿ ಹಣ ಸಿಗುತ್ತದೆ, ಇಲ್ಲಿ ಗುಜರಿಯವರು ಕೊಡುವಷ್ಟು ಸಿಗುತ್ತದೆ. ಎರಡೂ ಕಡೆ ಬಾಟಲಿಗೆ ಬೆಲೆಯಿದೆ, ಹುಡುಕುವ ಕೈಯಿದೆ. ಇದನ್ನು ಕಬ್ಬನ್ ಪಾರ್ಕಿನಲ್ಲಿ ಮಾಡಿ ನೋಡಲು ದೊಡ್ಡ ಖರ್ಚೇನೂ ಇಲ್ಲ.

ಜೋಡಿ ಡಬ್ಬಿಯ ಬಗ್ಗೆ ನನಗೆ ಅನುಮಾನವಿದೆ. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೀದಿಯಲ್ಲಿ ಅರ್ಧ ತಿಂದ ಮಸಾಲೆಪುರಿಯ ತಟ್ಟೆ ಯಾವುದಕ್ಕೆ ಸೇರಬೇಕು? ಬಣ್ಣಗಳಾದರೂ ಒಂದು ಮಾತು ಹೇಳುತ್ತವೆಯೇ ಎಂದರೆ ಅದೂ ಇಲ್ಲ. 2016ರ ನಿಯಮಗಳಲ್ಲಿ ಹಸಿರು, ಬಿಳಿ, ಕಪ್ಪು. 2017ರ ರಾಷ್ಟ್ರೀಯ ಪ್ರಚಾರದಲ್ಲಿ ಹಸಿರು, ನೀಲಿ. ಬೆಂಗಳೂರಿನ ಮನೆಗಳಿಗೆ ಹೇಳಿದ್ದು ಹಸಿರು ಡಬ್ಬಿ, ಕೆಂಪು ಡಬ್ಬಿ, ಒಂದು ಚೀಲ. ಹಸಿರೊಂದು ಬಿಟ್ಟರೆ ಮಿಕ್ಕದ್ದೆಲ್ಲ ಊರಿಗೊಂದು ರೀತಿ. ಬಣ್ಣಕ್ಕಿಂತ ಬಾಯಿಯ ಆಕಾರ ಹೆಚ್ಚು ಕೆಲಸ ಮಾಡುತ್ತದೆ. ಮುಚ್ಚಳದಲ್ಲಿ ಬಾಟಲಿಗೆ ದುಂಡು ರಂಧ್ರ, ಕಾಗದಕ್ಕೆ ಸೀಳು ಮಾಡಿಟ್ಟಾಗ ಸರಿಯಾದ ಡಬ್ಬಿಗೆ ಬೀಳುವ ಬಾಟಲಿಗಳು ಮೂರನೇ ಒಂದರಷ್ಟು ಹೆಚ್ಚಿದವು ಎಂದು ಡಫಿ ಮತ್ತು ವರ್ಜೆಸ್ ಎಂಬ ಇಬ್ಬರು ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಓದು ಬಾರದವರಿಗೂ ರಂಧ್ರ ಅರ್ಥವಾಗುತ್ತದೆ. ಆದರೆ ಎರಡು ಡಬ್ಬಿಯ ಕಸವನ್ನೂ ಒಂದೇ ಗಾಡಿಗೆ ಸುರಿಯುವುದಾದರೆ ದಯವಿಟ್ಟು ಒಂದೇ ಡಬ್ಬಿ ಇಡಿ. ಶ್ರದ್ಧೆಯಿಂದ ಬೇರ್ಪಡಿಸಿ ಹಾಕಿದವನು ಆ ದೃಶ್ಯವನ್ನು ಒಮ್ಮೆ ಕಂಡರೆ ಮನೆಯಲ್ಲೂ ಬೇರ್ಪಡಿಸುವುದನ್ನು ಬಿಡುತ್ತಾನೆ.

ಹೊರದೇಶದ ಮಾದರಿಗಳನ್ನು ತರುವಾಗ ನಮ್ಮ ಮಳೆ, ನಮ್ಮ ಪ್ರಾಣಿಗಳನ್ನು ಮರೆಯುವಂತಿಲ್ಲ. 1995ರ ಬಾಂಬ್ ದಾಳಿಗಳ ನಂತರ ಪ್ಯಾರಿಸ್ಸಿನಲ್ಲಿ ಲೋಹದ ಡಬ್ಬಿಗಳ ಬದಲು ಬಳೆಗೆ ತೂಗುಹಾಕಿದ ಪಾರದರ್ಶಕ ಚೀಲಗಳು ಬಂದವು. ಒಳಗೆ ಏನಿದೆ, ಎಷ್ಟು ತುಂಬಿದೆ ಎಲ್ಲವೂ ಹೊರಗಿನಿಂದಲೇ ಕಾಣುತ್ತದೆ. ಗಾಂಧಿ ಬಜಾರಿನಲ್ಲಿ ಅಂಥ ಚೀಲವನ್ನು ಮೊದಲ ದಿನವೇ ದನ ಎಳೆದು, ಪ್ಲಾಸ್ಟಿಕ್ ಸಮೇತ ತಿನ್ನುತ್ತದೆ. ಚಾಮುಂಡಿ ಬೆಟ್ಟ, ನಂದಿ ಬೆಟ್ಟಗಳಲ್ಲಿ ಕೋತಿಗಳು ಬರಿಯ ತೂಗು ಮುಚ್ಚಳವನ್ನು ಆಟದಂತೆ ಎತ್ತುತ್ತವೆ. ಅಲ್ಲಿ ಚಿಲಕವಿರುವ ಬಾಗಿಲು, ನೆಲಕ್ಕೆ ಬಿಗಿದ ಕವಚ ಎರಡೂ ಬೇಕು. ಮಳೆಗೆ ಮೇಲೊಂದು ಸೂರು, ತಳಕ್ಕೆ ನೀರು ಇಳಿಯುವ ತೂತು ಬೇಕು. ತೂತಿಲ್ಲದ ಡಬ್ಬಿ ಆಷಾಢದಲ್ಲಿ ಸೊಳ್ಳೆ ಸಾಕುತ್ತದೆ.

ಎಷ್ಟು ಅಂತರಕ್ಕೊಂದು ಡಬ್ಬಿ ಎಂಬ ಲೆಕ್ಕವನ್ನೂ ಅಳತೆಪಟ್ಟಿ ಹಿಡಿದು ಮಾಡಬಾರದು. ಐವತ್ತು ಮೀಟರಿಗೊಂದು, ನೂರು ಮೀಟರಿಗೊಂದು ಎಂದು ನೆಟ್ಟರೆ ಜನ ನಿಲ್ಲದ ಗೋಡೆಯ ಮುಂದೆ ಡಬ್ಬಿ ಖಾಲಿ ನಿಲ್ಲುತ್ತದೆ, ದರ್ಶಿನಿಯ ಮುಂದಿನದು ಮಧ್ಯಾಹ್ನಕ್ಕೇ ತುಂಬಿ ಚೆಲ್ಲುತ್ತದೆ. ತಿನ್ನುವ ಜಾಗದಿಂದ ತಿಂದು ಮುಗಿಸುವವರೆಗೆ ಮನುಷ್ಯ ಎಷ್ಟು ದೂರ ನಡೆಯುತ್ತಾನೆ, ಅಲ್ಲಿ ಬೇಕು ಡಬ್ಬಿ. ಬಸವನಗುಡಿಯ ಕಡಲೆಕಾಯಿ ಪರಿಷೆಯಂಥ ಜಾತ್ರೆಗೆ ವರ್ಷಪೂರ್ತಿಯ ಡಬ್ಬಿ ಯಾವ ಮೂಲೆಗೂ ಸಾಲದು. ಅಲ್ಲಿಗೆ ಆ ಕೆಲವು ದಿನದ ಮಟ್ಟಿಗೆ ದೊಡ್ಡ ಬುಟ್ಟಿಗಳನ್ನು ತಂದಿಟ್ಟು ಗಂಟೆಗೊಮ್ಮೆ ಬದಲಿಸುವ ಜನ ಬೇಕು.

ಇವೆಲ್ಲ ಟೆಂಡರಿನ ಕಾಗದದಲ್ಲಿ ಬರಬೇಕಾದ ಮಾತುಗಳು. ಈಗ ಆ ಕಾಗದದಲ್ಲಿ ಸ್ಟೀಲಿನ ದಪ್ಪ, ಲೀಟರು, ದರ ಇರುತ್ತವೆ. ಖಾಲಿ ಮಾಡುವ ವೇಳಾಪಟ್ಟಿ ಇರುವುದಿಲ್ಲ. ಡಬ್ಬಿ ಕೊಳ್ಳುವ ಹಣ ಒಂದು ಲೆಕ್ಕದಿಂದ, ಕೂಲಿಯ ಹಣ ಇನ್ನೊಂದರಿಂದ ಬಂದರೆ ಹೀಗೇ ಆಗುತ್ತದೆ. ಮಾದರಿ ಡಬ್ಬಿಯನ್ನು ಮೊದಲು ಒಂದು ಬೀದಿಯಲ್ಲಿ ತಿಂಗಳ ಮಟ್ಟಿಗೆ ಇಟ್ಟು, ಆ ಬೀದಿಯ ಪೌರಕಾರ್ಮಿಕರು ಒಪ್ಪಿ ಸಹಿ ಹಾಕದೆ ಒಂದೂ ಡಬ್ಬಿ ಕೊಳ್ಳಬಾರದು. ಅವರಿಗಿಂತ ಚೆನ್ನಾಗಿ ಕಸದ ಡಬ್ಬಿಯನ್ನು ಬಲ್ಲ ಇಂಜಿನಿಯರ್ ಈ ನಗರದಲ್ಲಿ ಇಲ್ಲ.

ನಿಮ್ಮ ವಾರ್ಡ್ ಸಮಿತಿಯ ಸಭೆಯಲ್ಲಿ ಡಬ್ಬಿಯ ಮಾತು ಬಂದಾಗ ಎಲ್ಲಿ ಇಡುತ್ತೀರಿ ಎಂದು ಕೇಳುವ ಮೊದಲು ಇಷ್ಟು ಕೇಳಿ: ಇದನ್ನು ಯಾರು ಖಾಲಿ ಮಾಡುತ್ತಾರೆ, ದಿನಕ್ಕೆ ಎಷ್ಟು ಸಲ, ಯಾವ ಗಾಡಿಗೆ? ಉತ್ತರ ಸಿಗುವವರೆಗೆ ಡಬ್ಬಿಗೆ ಒಪ್ಪಿಗೆ ಕೊಡಬೇಡಿ. ಸಿಕ್ಕಿದ ಮೇಲೆ ಡಬ್ಬಿ ಬೇಡವೆನ್ನಲು ಯಾರಿಗೂ ಬಿಡಬೇಡಿ.